ಸ್ವತಂತ್ರ ತಂತ್ರಾಂಶವೂ ಪರತಂತ್ರ ವೇದಿಕೆಯೂ

ವ್ಯಾಕರಣಶಾಸ್ತ್ರದಲ್ಲಿ ಕರ್ತೃವಿಗೆ ಹೇಳಿರುವ ಲಕ್ಷಣ ಒಂದೇ: ಅವನು ಸ್ವತಂತ್ರನಾಗಿರಬೇಕು. ಕೊಡಲಿಯಿಂದ ಮರವನ್ನು ಕಡಿಯುವಾಗ ಕೊಡಲಿಯು ಕರಣ, ಕಡಿಯುವವನು ಕರ್ತೃ. ಕೊಡಲಿಯನ್ನು ಎತ್ತುವುದೂ ಇಳಿಸುವುದೂ ಅವನ ಇಚ್ಛೆಗೆ ಸೇರಿದ್ದು. ಗಣಕಯಂತ್ರವೂ ಇಂತಹ ಒಂದು ಕರಣವೆಂದೇ ಸಾಮಾನ್ಯರ ಭಾವನೆ. ಆದರೆ ಆ ಕೊಡಲಿಯು ಯಾವ ಮರವನ್ನು ಕಡಿಯತಕ್ಕದ್ದು, ಅದನ್ನು ನೆರೆಯವನಿಗೆ ಕೊಡಬಹುದೇ ಕೊಡಬಾರದೇ, ಅದರ ಹಿಡಿ ಸಡಿಲವಾದರೆ ಬಿಗಿಮಾಡುವ ಅಧಿಕಾರ ಯಾರದು ಎಂಬುದನ್ನೆಲ್ಲ ಅದನ್ನು ಮಾಡಿದ ಕಮ್ಮಾರನೇ ತನ್ನ ಮನೆಯಲ್ಲಿ ಕುಳಿತು ನಿರ್ಧರಿಸುವಂತಾದರೆ, ಕಡಿಯುವವನನ್ನು ಕರ್ತೃವೆಂದು ಕರೆಯುವುದು ಕಷ್ಟವಾಗುತ್ತದೆ. ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಅವನು ಪ್ರಯೋಜ್ಯನಾಗುತ್ತಾನೆ, ಕಮ್ಮಾರನು ಪ್ರಯೋಜಕನಾಗುತ್ತಾನೆ. ಸ್ವತಂತ್ರ ತಂತ್ರಾಂಶದ ಚಳವಳಿಯು ಹುಟ್ಟಿದ್ದು ಈ ಒಂದು ವಿಪರ್ಯಾಸವನ್ನು ಸರಿಪಡಿಸುವುದಕ್ಕಾಗಿ. ಆ ಚಳವಳಿಯವರು ತಮ್ಮ ತತ್ತ್ವವನ್ನು ತಾವೇ ಎಷ್ಟರ ಮಟ್ಟಿಗೆ ಪಾಲಿಸುತ್ತಿದ್ದಾರೆ, ವಿಶೇಷವಾಗಿ ತಾವು ಒಪ್ಪದ ವ್ಯವಸ್ಥೆಗಳ ಮೇಲೆಯೂ ತಮ್ಮ ತಂತ್ರಾಂಶವನ್ನು ಓಡಿಸುವಾಗ ಅವರ ನುಡಿಗೂ ನಡೆಗೂ ಹೊಂದಿಕೆ ಇದೆಯೇ ಎಂಬುದು ಪ್ರಕೃತ ಲೇಖನದ ವಿಷಯ.

ಮೊದಲು ಎರಡು ಮಾತುಗಳ ಅರ್ಥವನ್ನು ತಿಳಿಯಬೇಕು. ಗಣಕವು ನಡೆಸುವ ಕೆಲಸಗಳಿಗೆಲ್ಲ ಆಧಾರವಾದ ಆದೇಶಗಳ ಸಮೂಹವೇ ತಂತ್ರಾಂಶ. ಮನುಷ್ಯನು ಓದಿ ತಿದ್ದಬಹುದಾದ ರೂಪದಲ್ಲಿ ಅದು ಇದ್ದರೆ ಅದಕ್ಕೆ ಮೂಲಸಂಕೇತ ಎಂದು ಹೆಸರು. ಯಂತ್ರಕ್ಕೆ ಮಾತ್ರ ಅರ್ಥವಾಗುವ ಅಂಕೆಗಳ ರಾಶಿಯಾಗಿ ಮಾರ್ಪಟ್ಟರೆ ಅದು ಯಂತ್ರರೂಪ. ತಾಳೆಗರಿಯ ಗ್ರಂಥವನ್ನು ಕಿವಿಗೆ ಕೇಳಿಸಿ, ಓಲೆಯನ್ನು ಮಾತ್ರ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಹೇಗೋ, ಮೂಲಸಂಕೇತವನ್ನು ಕೊಡದೆ ಯಂತ್ರರೂಪವನ್ನು ಮಾತ್ರ ಮಾರುವುದು ಹಾಗೆ. ಕೇಳಿದವನಿಗೆ ಪಾಠದ ಪ್ರಯೋಜನವುಂಟು, ಪಾಠಶುದ್ಧಿಯ ಅಧಿಕಾರವಿಲ್ಲ. ಇನ್ನು ಆಪರೇಟಿಂಗ್ ಸಿಸ್ಟಂ, ಅಂದರೆ ಕಾರ್ಯಾಚರಣ ವ್ಯವಸ್ಥೆ. ಯಂತ್ರಕ್ಕೂ ಉಳಿದ ತಂತ್ರಾಂಶಗಳಿಗೂ ನಡುವೆ ನಿಂತು ಸ್ಮೃತಿಕೋಶ, ಕಡತ, ಮುದ್ರಕ ಮೊದಲಾದುವನ್ನು ಹಂಚಿಕೊಡುವ ತಳಹದಿ ಅದು. ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್, ಆ್ಯಪಲ್ ಸಂಸ್ಥೆಯ ಮ್ಯಾಕ್‌ಓಎಸ್ ಇವು ಸ್ವಾಮ್ಯಕ್ಕೆ ಒಳಪಟ್ಟ ವ್ಯವಸ್ಥೆಗಳು. ಗ್ನು/ಲಿನಕ್ಸ್ ಸ್ವತಂತ್ರ ವ್ಯವಸ್ಥೆ.

ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ರಿಚರ್ಡ್ ಸ್ಟಾಲ್ಮನ್ ಎಂಬವರು 1983ರ ಸೆಪ್ಟೆಂಬರ್ 27ರಂದು ಗ್ನು ಯೋಜನೆಯನ್ನು ಘೋಷಿಸಿದರು. ಮಾರನೆಯ ವರ್ಷದ ಜನವರಿಯಲ್ಲಿ ಉದ್ಯೋಗವನ್ನು ಬಿಟ್ಟು ಅದರ ಕಾರ್ಯದಲ್ಲೇ ತೊಡಗಿದರು. 1985ರಲ್ಲಿ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನವು ಸ್ಥಾಪಿತವಾಯಿತು. ಅವರ ಪ್ರಕಾರ ಬಳಕೆದಾರನಿಗೆ ನಾಲ್ಕು ಸ್ವಾತಂತ್ರ್ಯಗಳಿದ್ದರೆ ಮಾತ್ರ ತಂತ್ರಾಂಶವು ಸ್ವತಂತ್ರವೆನಿಸುತ್ತದೆ: ಯಾವ ಉದ್ದೇಶಕ್ಕಾದರೂ ಓಡಿಸುವುದು, ಮೂಲವನ್ನು ಓದಿ ಬೇಕಾದಂತೆ ತಿದ್ದಿಕೊಳ್ಳುವುದು, ಪ್ರತಿಗಳನ್ನು ಇತರರಿಗೆ ಹಂಚುವುದು, ತಿದ್ದಿದ ಪ್ರತಿಗಳನ್ನೂ ಹಂಚುವುದು. (ಇವನ್ನು ಅವರು ಸೊನ್ನೆಯಿಂದ ಮೂರರವರೆಗೆ ಎಣಿಸುತ್ತಾರೆ, ಸೊನ್ನೆಯನ್ನು ಲೋಕಕ್ಕೆ ಕೊಟ್ಟ ನಾಡಿನವರಿಗೆ ಇದರಲ್ಲಿ ಆಕ್ಷೇಪವೇನೂ ಇರಲಾರದು.) ಇಲ್ಲಿ ಬೆಲೆಯ ಮಾತೇ ಇಲ್ಲವೆಂಬುದನ್ನು ಗಮನಿಸಬೇಕು. ಇಂಗ್ಲಿಷಿನಲ್ಲಿ ಒಂದೇ ಶಬ್ದವು ಉಚಿತವೆಂದೂ ಸ್ವತಂತ್ರವೆಂದೂ ಅರ್ಥ ಕೊಟ್ಟು ತೊಡಕುಂಟುಮಾಡುತ್ತದೆ. ಕನ್ನಡದಲ್ಲಿ ಆ ತೊಡಕಿಲ್ಲ. ವಿಂಡೋಸಿನಲ್ಲಿ ಕನ್ನಡವನ್ನು ಬರೆಯಲು 1998ರಲ್ಲಿ ಬಂದ ‘ಬರಹ’ ತಂತ್ರಾಂಶವು ಬಹುಕಾಲ ಹಣವಿಲ್ಲದೆ ದೊರೆತು ಅಸಂಖ್ಯ ಕನ್ನಡಿಗರಿಗೆ ಉಪಕರಿಸಿತು. ಅದು ಉಚಿತವಾಗಿತ್ತು, ಆದರೆ ಈ ಅರ್ಥದಲ್ಲಿ ಸ್ವತಂತ್ರವಾಗಿರಲಿಲ್ಲ. ಮುಂದೆ ಅದಕ್ಕೆ ಬೆಲೆ ನಿಗದಿಯಾದಾಗ ಆ ಭೇದವು ಎಲ್ಲರಿಗೂ ತಿಳಿಯಿತು.

ಈಗ ಪೂರ್ವಪಕ್ಷವನ್ನು ಕೇಳೋಣ. ಗ್ನು ಯೋಜನೆಯವರು ಸ್ವಾಮ್ಯದ ತಂತ್ರಾಂಶವನ್ನು ಕೇವಲ ಅನನುಕೂಲವೆನ್ನುವುದಿಲ್ಲ, ಅನ್ಯಾಯವೆನ್ನುತ್ತಾರೆ. ಹಾಗಿದ್ದ ಮೇಲೆ ಅವರದೇ ಆದ ಈಮ್ಯಾಕ್ಸ್ ಎಂಬ ಸುಪ್ರಸಿದ್ಧ ಲೇಖನ ಸಂಪಾದಕವು ವಿಂಡೋಸಿನ ಮೇಲೆಯೂ ಮ್ಯಾಕ್‌ಓಎಸ್ ಮೇಲೆಯೂ ಓಡುವುದೇಕೆ? ಅವರದೇ ಆದ ಜಿ.ಸಿ.ಸಿ. ಸಂಕಲಕವು ಆ ವ್ಯವಸ್ಥೆಗಳಿಗೆ ತಂತ್ರಾಂಶವನ್ನು ಸಿದ್ಧಪಡಿಸಿಕೊಡುವುದೇಕೆ? ಅನ್ಯಾಯದ ಅಂಗಡಿಯೆಂದು ಕರೆದು ಅದೇ ಅಂಗಡಿಯ ಜಗಲಿಯ ಮೇಲೆ ತಮ್ಮ ಸರಕನ್ನು ಇಡುವುದು ಅರ್ಧಜರತೀಯವಲ್ಲವೇ? ಮುದುಕಿಯ ಅರ್ಧವನ್ನು ಒಪ್ಪಿ ಅರ್ಧವನ್ನು ಬಿಡುವುದು ಹೇಗೆ ಅಸಂಗತವೋ, ಒಂದು ತತ್ತ್ವವನ್ನು ಅನುಕೂಲವಾದಷ್ಟು ಮಾತ್ರ ಪಾಲಿಸುವುದೂ ಹಾಗೆಯೇ. ಈ ಆಕ್ಷೇಪವನ್ನು ಎರಡು ದಿಕ್ಕುಗಳಿಂದ ಎತ್ತಲಾಗುತ್ತದೆ. ಕಟ್ಟುನಿಟ್ಟಿನವರು ‘ಬೆಂಬಲವನ್ನೇ ನಿಲ್ಲಿಸಿ’ ಎನ್ನುತ್ತಾರೆ. ವ್ಯವಹಾರಿಗಳು ‘ಬೆಂಬಲ ಕೊಡುವುದೇ ಆದರೆ ಪೂರ್ಣವಾಗಿ ಕೊಡಿ, ನಡುವೆ ತತ್ತ್ವದ ಮಾತೇಕೆ’ ಎನ್ನುತ್ತಾರೆ.

ಸಮಾಧಾನವನ್ನು ಹುಡುಕುವವರು ಯೋಜನೆಯ ಬಾಲ್ಯಕ್ಕೆ ಹೋಗಬೇಕು. ಆಗ ಸ್ವತಂತ್ರವಾದ ಕಾರ್ಯಾಚರಣ ವ್ಯವಸ್ಥೆಯೇ ಇರಲಿಲ್ಲ. ಯೂನಿಕ್ಸ್ ಎಂಬ ಸ್ವಾಮ್ಯದ ವ್ಯವಸ್ಥೆಯ ಮೇಲೆ ಕುಳಿತೇ ಅದರ ಒಂದೊಂದು ಅಂಗಕ್ಕೂ ಸ್ವತಂತ್ರವಾದ ಬದಲಿಯನ್ನು ರಚಿಸಬೇಕಾಗಿತ್ತು. ಯೋಜನೆಗೆ ಹೆಸರು ಬಂದಂತೆ ದಾನಿಗಳು ಯೂನಿಕ್ಸ್ ಅಳವಡಿಸಿದ ಯಂತ್ರಗಳನ್ನು ಕೊಡಲು ಮುಂದಾದರು. ದಾನವನ್ನು ಸ್ವೀಕರಿಸಬಹುದೇ ಎಂಬ ಧರ್ಮಸೂಕ್ಷ್ಮ ಎದುರಾಯಿತು. ವಿದ್ಯಾಸಂಸ್ಥೆಗಳನ್ನು ನಡೆಸುವವರಿಗೆ ಇದು ಅಪರಿಚಿತವಾದ ಪ್ರಶ್ನೆಯಲ್ಲ. ಸ್ಟಾಲ್ಮನ್ ಅವರು ತಮ್ಮ ಲೇಖನವೊಂದರಲ್ಲಿ ಇದನ್ನು ವಿವರಿಸಿದ್ದಾರೆ. ಆತ್ಮರಕ್ಷಣೆಗಾಗಿ ಮಾಡಿದ ಹಿಂಸೆಗೆ ಹೇಗೆ ಸಮರ್ಥನೆಯುಂಟೋ ಹಾಗೆ, ಒಂದು ಸ್ವಾಮ್ಯದ ತಂತ್ರಾಂಶವನ್ನು ತೊಡೆದುಹಾಕುವ ಬದಲಿಯನ್ನು ರಚಿಸುವುದಕ್ಕೆ ಅನಿವಾರ್ಯವಾದಾಗ ಅದನ್ನೇ ಬಳಸಬಹುದು ಎಂಬುದು ಅವರ ನಿರ್ಣಯ. ಸಮರ್ಥನೀಯವಾದರೂ ಅದು ಕೇಡೇ ಎಂಬ ಮಾತನ್ನೂ ಅವರು ಸೇರಿಸುತ್ತಾರೆ. ಸ್ವತಂತ್ರ ವ್ಯವಸ್ಥೆಗಳು ಸಿದ್ಧವಾದ ಮೇಲೆ ಆ ಯಂತ್ರಗಳಿಂದ ಯೂನಿಕ್ಸನ್ನು ತೆಗೆದರು. ತೆಗೆಯಲಾಗದ ಕಡೆ ಯಂತ್ರವನ್ನೇ ಬದಲಾಯಿಸಿದರು. ಉತ್ಸರ್ಗಕ್ಕೆ ಅಪವಾದವನ್ನು ವಿಧಿಸಿ, ನಿಮಿತ್ತವು ಹೋದೊಡನೆ ಅಪವಾದವನ್ನೂ ಹಿಂತೆಗೆದ ಈ ನಡೆಯಲ್ಲಿ ಅಸಂಗತಿಯೇನೂ ಕಾಣುವುದಿಲ್ಲ.

ಆದರೆ ವಿಂಡೋಸಿನ ಬೆಂಬಲಕ್ಕೆ ಈ ವಾದವು ಸಾಲದು. ಬದಲಿಯೇ ಇಲ್ಲದ ಕಾಲದ ಸಮರ್ಥನೆಯನ್ನು ಬದಲಿಯು ಸಿದ್ಧವಾಗಿ ಮೂರು ದಶಕಗಳಾದ ಮೇಲೆಯೂ ಹೇಳುವುದು ನ್ಯಾಯವಲ್ಲ. ಲಿನಕ್ಸ್ ತಿರುಳು ಹುಟ್ಟಿದ್ದು 1991ರಲ್ಲಿ. ಅದು ಗ್ನು ಪರವಾನಗಿಗೆ ಒಳಪಟ್ಟದ್ದು 1992ರಲ್ಲಿ. ಅಲ್ಲಿಂದ ಮುಂದಕ್ಕೆ ಬೇರೆ ಯುಕ್ತಿ ಬೇಕು.

ಆ ಯುಕ್ತಿಯ ಮೊದಲ ಎಳೆಯು ಸ್ವಾತಂತ್ರ್ಯದ ಲಕ್ಷಣದಲ್ಲೇ ಅಡಗಿದೆ. ಯಾವ ಉದ್ದೇಶಕ್ಕಾದರೂ ಓಡಿಸಬಹುದು ಎಂದ ಮೇಲೆ ‘ವಿಂಡೋಸಿನ ಮೇಲೆ ಓಡಿಸಕೂಡದು’ ಎಂಬ ಷರತ್ತನ್ನು ಪರವಾನಗಿಯಲ್ಲಿ ಹಾಕಲು ಬರುವುದಿಲ್ಲ. ಹಾಕಿದರೆ ಆ ತಂತ್ರಾಂಶವೇ ಸ್ವತಂತ್ರವಲ್ಲವೆಂದಾಗುತ್ತದೆ. ಮೂಲಸಂಕೇತವು ಕೈಯಲ್ಲಿರುವ ಯಾವನಾದರೂ ಅದನ್ನು ತನಗಿಷ್ಟವಾದ ವ್ಯವಸ್ಥೆಗೆ ಅಳವಡಿಸಿಕೊಳ್ಳಬಹುದು. ಆದ್ದರಿಂದ ಪ್ರಶ್ನೆಯು ‘ತಡೆಯಬೇಕೇ’ ಎಂಬುದಲ್ಲ. ‘ಯೋಜನೆಯೇ ಅದನ್ನು ತನ್ನ ಕೆಲಸವಾಗಿ ಮಾಡಬೇಕೇ, ಮಾಡಿದರೆ ಎಲ್ಲಿಯವರೆಗೆ’ ಎಂಬುದು. ನಿಷೇಧ ಬೇರೆ, ಅನುಷ್ಠಾನ ಮಾಡದಿರುವುದು ಬೇರೆ. ಈ ಎರಡನ್ನೂ ಒಂದೆಂದು ಬಗೆದವರೇ ಹೆಚ್ಚಾಗಿ ಗೊಂದಲಕ್ಕೆ ಸಿಲುಕುತ್ತಾರೆ.

ಎರಡನೆಯ ಎಳೆಯು ಪರವಾನಗಿಯ ಒಕ್ಕಣೆಯಲ್ಲಿದೆ. 1989ರಲ್ಲಿ ಮೊದಲು ಪ್ರಕಟವಾಗಿ 1991ರಲ್ಲಿ ಎರಡನೆಯ, 2007ರಲ್ಲಿ ಮೂರನೆಯ ಆವೃತ್ತಿಯನ್ನು ಕಂಡ ಗ್ನು ಸಾರ್ವತ್ರಿಕ ಸಾರ್ವಜನಿಕ ಪರವಾನಗಿಯು, ತನ್ನಡಿಯಲ್ಲಿರುವ ತಂತ್ರಾಂಶವನ್ನು ಯಂತ್ರರೂಪದಲ್ಲಿ ಹಂಚುವವನು ಅದರ ಸಮಗ್ರ ಮೂಲವನ್ನೂ ಒದಗಿಸಬೇಕೆಂದು ವಿಧಿಸುತ್ತದೆ. ಈ ವಿಧಿಯನ್ನು ಅಕ್ಷರಶಃ ಅನ್ವಯಿಸಿದರೆ ಕಾರ್ಯಾಚರಣ ವ್ಯವಸ್ಥೆಯ ಭಾಗಗಳ ಮೂಲವನ್ನೂ ಕೊಡಬೇಕಾಗುತ್ತದೆ. ಸ್ವಾಮ್ಯದ ವ್ಯವಸ್ಥೆಯಲ್ಲಿ ಅದು ಅಸಾಧ್ಯ. ಆದ್ದರಿಂದ ವ್ಯವಸ್ಥೆಯ ಪ್ರಧಾನಾಂಗಗಳ ಜೊತೆಯಲ್ಲಿ ಸಹಜವಾಗಿ ಬರುವ ಭಾಗಗಳಿಗೆ ವಿನಾಯಿತಿಯನ್ನು ಎರಡನೆಯ ಆವೃತ್ತಿಯು ಸ್ಪಷ್ಟವಾಗಿ ಕೊಟ್ಟಿದೆ. ಆದರೆ ಒಂದು ಅಂಕುಶವುಂಟು: ಆ ಭಾಗವೇ ಯಂತ್ರರೂಪದ ಪ್ರತಿಯ ಜೊತೆಯಲ್ಲಿ ಬರುವಂತಿದ್ದರೆ ವಿನಾಯಿತಿಯಿಲ್ಲ. ಇದರ ತಾತ್ಪರ್ಯವನ್ನು ಹೀಗೆ ಹೇಳಬಹುದು. ಬಾಡಿಗೆ ಮನೆಯಲ್ಲಿ ವಾಸಿಸುವವನು ಗೋಡೆ ತನ್ನದಲ್ಲವೆಂಬ ಕಾರಣಕ್ಕೆ ಉಪವಾಸವಿರಬೇಕಾಗಿಲ್ಲ; ಆದರೆ ಗೋಡೆಯ ಒಡೆಯನು ಅನ್ನಛತ್ರದ ಅಡುಗೆಯನ್ನು ತನ್ನ ಮನೆಯ ಸೊತ್ತಿನೊಂದಿಗೆ ಸೇರಿಸಿ ಮಾರಲು ಬಂದರೆ ಆ ಸೌಲಭ್ಯ ಅವನಿಗಿಲ್ಲ. ಬಳಕೆದಾರನ ಮೇಲಿನ ಕರುಣೆಯೂ ಸ್ವಾಮಿಯ ಮೇಲಿನ ಎಚ್ಚರವೂ ಒಂದೇ ವಾಕ್ಯದಲ್ಲಿ ಕೂಡಿವೆ. ಇದನ್ನು ಓದಿದವರು ವಿನಾಯಿತಿಯು ಕೈತಪ್ಪಿ ನುಸುಳಿದ ದೌರ್ಬಲ್ಯವೆಂದು ಹೇಳಲಾರರು.

ಇನ್ನು ಯೋಜನೆಯು ತನ್ನ ರಚನಕಾರರಿಗಾಗಿ ಬರೆದಿಟ್ಟಿರುವ ನಿಯಮಾವಳಿ. ಗ್ನು ತಂತ್ರಾಂಶದ ಮುಖ್ಯ ಪ್ರಯೋಜನವು ಗ್ನು ವ್ಯವಸ್ಥೆಯ ಮೇಲೆ ಓಡುವುದು. ಯೂನಿಕ್ಸನ್ನು ಹೋಲದ ವ್ಯವಸ್ಥೆಗಳಿಗೆ ಬೆಂಬಲ ಕೊಡುವುದು ಹೆಚ್ಚು ಶ್ರಮವನ್ನು ಬೇಡುವುದಾದರೆ ಆ ಶ್ರಮವನ್ನು ಸ್ವತಂತ್ರ ವ್ಯವಸ್ಥೆಗೆ ಉಪಯೋಗವಾಗುವ ಕೆಲಸದಲ್ಲಿ ಹಾಕುವುದೇ ಲೇಸು ಎಂದು ಅದು ಹೇಳುತ್ತದೆ. ಸ್ವಾಮ್ಯದ ತಂತ್ರಾಂಶವನ್ನು ಶಿಫಾರಸು ಮಾಡಬಾರದು, ಅದಕ್ಕೆ ಮಾನ್ಯತೆಯನ್ನು ಕೊಡುವಂತೆ ಬರೆಯಬಾರದು. ಆದರೆ ಎಲ್ಲರಿಗೂ ತಿಳಿದಿರುವ ವ್ಯವಸ್ಥೆಯ ಮೇಲೆ ಓಡಿಸುವ ಕ್ರಮವನ್ನು ತಿಳಿಸಲು ಅಡ್ಡಿಯಿಲ್ಲ. ಅಲ್ಲಿಯೇ ಒಂದು ವಿನೋದವೂ ಇದೆ. ವಿಂಡೋಸ್ ಎಂಬುದನ್ನು ಕತ್ತರಿಸಿ ‘ವಿನ್’ ಎಂದು ಬರೆಯಬೇಡಿ ಎನ್ನುತ್ತದೆ ನಿಯಮಾವಳಿ. ಏಕೆಂದರೆ ಆ ಶಬ್ದಕ್ಕೆ ಇಂಗ್ಲಿಷಿನಲ್ಲಿ ಗೆಲವು ಎಂದರ್ಥ. ಹೀಗಾಗಿ ಈಮ್ಯಾಕ್ಸಿನ ಮೂಲದಲ್ಲಿ ಆ ವ್ಯವಸ್ಥೆಯ ಭಾಗಗಳಿಗೆ ‘ಡಬ್ಲ್ಯು32’ ಎಂಬ ಹೆಸರಿದೆ. ಶಬ್ದದ ವಿಷಯದಲ್ಲಿ ಇಷ್ಟು ಮಡಿ ಬೇಕೇ ಎಂದು ನಗುವವರುಂಟು. ಶಬ್ದಶಾಸ್ತ್ರವನ್ನು ಬಲ್ಲವರು ಮಾತ್ರ ನಗಲಾರರು. ಹೆಸರಿಟ್ಟ ಕ್ಷಣದಲ್ಲೇ ಅರ್ಧ ವಾದ ಮುಗಿದಿರುತ್ತದೆ.

ಈ ನಿಯಮಗಳ ಹಿಂದಿರುವ ತತ್ತ್ವವು ಕಾಗದದ ಮೇಲೆ ಸುಲಭವಾಗಿ ತೋರುತ್ತದೆ. ಅದು ಪರೀಕ್ಷೆಗೆ ಒಳಗಾದ ಪ್ರಸಂಗವೊಂದು ಈಮ್ಯಾಕ್ಸಿನ ಇತಿಹಾಸದಲ್ಲಿದೆ. ಬಣ್ಣಬಣ್ಣದ ಪುಟ್ಟ ಮುಖಗಳನ್ನು, ಅಂದರೆ ಎಮೋಜಿಗಳನ್ನು, ಈಗ ಮಕ್ಕಳೂ ಬಲ್ಲರು. ಅವುಗಳನ್ನು ಬಣ್ಣದಲ್ಲೇ ತೋರಿಸುವ ಸಾಮರ್ಥ್ಯವು ಈಮ್ಯಾಕ್ಸಿಗೆ ಮೊದಲು ಬಂದದ್ದು ಆ್ಯಪಲ್ ವ್ಯವಸ್ಥೆಯಲ್ಲಿ. ಆ ವ್ಯವಸ್ಥೆಯ ಅಕ್ಷರವಿನ್ಯಾಸ ಭಾಗವೇ ಆ ಕೆಲಸವನ್ನು ಮಾಡಿಕೊಡುತ್ತಿತ್ತು. ಗ್ನು/ಲಿನಕ್ಸಿನಲ್ಲಿ ಅದೇ ಈಮ್ಯಾಕ್ಸಿಗೆ ಆ ಶಕ್ತಿ ಇರಲಿಲ್ಲ. 2016ರ ಸೆಪ್ಟೆಂಬರಿನಲ್ಲಿ 25.1ನೆಯ ಆವೃತ್ತಿ ಹೊರಬಂದಾಗ, ಆ್ಯಪಲ್ ವ್ಯವಸ್ಥೆಯಲ್ಲಿ ಅದುವರೆಗೆ ನಡೆಯುತ್ತಿದ್ದ ಆ ಸೌಲಭ್ಯವನ್ನು ಬುದ್ಧಿಪೂರ್ವಕವಾಗಿ ಮುಚ್ಚಲಾಯಿತು. ಸ್ವತಂತ್ರ ವ್ಯವಸ್ಥೆಗಳಲ್ಲಿ ಅದು ಸಿದ್ಧವಾಗುವವರೆಗೆ ಇಲ್ಲಿಯೂ ಬೇಡ ಎಂಬುದು ಕಾರಣ. ಕೆಟ್ಟಿರಲಿಲ್ಲ, ಅಪಾಯವಿರಲಿಲ್ಲ, ಇದ್ದದ್ದನ್ನು ಇಲ್ಲವಾಗಿಸಿದರು. ಬಳಕೆದಾರರು ಕೆಲವರು ಸಿಟ್ಟಾದರು. ಬಳಕೆದಾರನ ಹಿತಕ್ಕಾಗಿ ಹುಟ್ಟಿದ ಚಳವಳಿಯು ಬಳಕೆದಾರನ ಕೈಯಿಂದಲೇ ಸೌಲಭ್ಯವನ್ನು ಕಿತ್ತುಕೊಳ್ಳಬಹುದೇ?

ಈ ಸಿಟ್ಟಿನಲ್ಲಿ ನ್ಯಾಯವಿಲ್ಲವೆನ್ನಲಾಗದು. ಆದರೂ ಎರಡು ಸಂಗತಿಗಳನ್ನು ನೆನೆಯಬೇಕು. ಮೂಲಸಂಕೇತವು ಬಹಿರಂಗವಾಗಿದ್ದುದರಿಂದ ಬೇಕಾದವನು ಆ ಬೀಗವನ್ನು ತೆಗೆದುಕೊಳ್ಳಲು ಸ್ವತಂತ್ರನಾಗಿದ್ದನು. ಸ್ವಾಮ್ಯದ ತಂತ್ರಾಂಶದಲ್ಲಿ ಮುಚ್ಚಿದ ಬಾಗಿಲಿಗೆ ಆ ಕೀಲಿಕೈ ಇರುವುದಿಲ್ಲ. ಎರಡನೆಯದು ಫಲ. 2020ರ ಆಗಸ್ಟ್ ತಿಂಗಳಲ್ಲಿ 27.1ನೆಯ ಆವೃತ್ತಿಯಲ್ಲಿ ಕೈರೋ ಎಂಬ ಸ್ವತಂತ್ರ ಚಿತ್ರಣ ಗ್ರಂಥಾಲಯದ ಮೂಲಕ ಗ್ನು/ಲಿನಕ್ಸಿಗೂ ಬಣ್ಣದ ಅಕ್ಷರಗಳು ಬಂದವು. ಒಡನೆಯೇ ಆ್ಯಪಲ್ ವ್ಯವಸ್ಥೆಯಲ್ಲಿಯೂ ಸೌಲಭ್ಯವು ಮತ್ತೆ ತೆರೆಯಿತು. ಕೊಟ್ಟ ಮಾತಿನ ಷರತ್ತು ಪೂರೈಸಿದೊಡನೆ ನಿರ್ಬಂಧವೂ ಹೋಯಿತು. ಅದೇ ಆವೃತ್ತಿಯಲ್ಲಿ ಹಾರ್ಫ್‌ಬಜ್ ಎಂಬ ಸ್ವತಂತ್ರ ಅಕ್ಷರಜೋಡಣಾ ಗ್ರಂಥಾಲಯವನ್ನೂ ಈಮ್ಯಾಕ್ಸ್ ಸ್ವೀಕರಿಸಿತು. ಕನ್ನಡದಂತಹ ಲಿಪಿಗಳಲ್ಲಿ ಒತ್ತಕ್ಷರವು ತನ್ನ ವ್ಯಂಜನದ ಕೆಳಗೆ, ಅರ್ಕಾವೊತ್ತು ತನ್ನ ಸ್ಥಾನದಲ್ಲಿ ಕೂರುವಂತೆ ಮಾಡುವುದು ಇಂತಹ ಗ್ರಂಥಾಲಯಗಳ ಕೆಲಸ. ವಿಂಡೋಸಿನಲ್ಲಿ ಆ ಕೆಲಸಕ್ಕೆ ಮೈಕ್ರೋಸಾಫ್ಟಿನದೇ ಭಾಗವನ್ನು ನಂಬಬೇಕಾಗಿದ್ದ ಈಮ್ಯಾಕ್ಸ್ ಅಲ್ಲಿಯೂ ಸ್ವತಂತ್ರ ಗ್ರಂಥಾಲಯವನ್ನು ಬಳಸುವ ಅವಕಾಶವನ್ನು ಪಡೆಯಿತು. ಎಮೋಜಿಯ ಗದ್ದಲದಲ್ಲಿ ಇದನ್ನು ಗಮನಿಸಿದವರು ಕಡಮೆ. ಕನ್ನಡಿಗರಿಗೆ ಮಾತ್ರ ಇದೇ ದೊಡ್ಡ ಲಾಭ.

ಇದಕ್ಕಿಂತ ಕಠಿಣವಾದ ನಿಲುವನ್ನೂ ಯೋಜನೆಯು ಹಿಂದೆ ತಳೆದಿತ್ತು. 1988ರಲ್ಲಿ ಆ್ಯಪಲ್ ಸಂಸ್ಥೆಯು ತನ್ನ ಪರದೆಯ ನೋಟವನ್ನೂ ಬಳಕೆಯ ರೀತಿಯನ್ನೂ ಹೋಲುವಂತೆ ಮಾಡಿದರೆಂದು ಮೈಕ್ರೋಸಾಫ್ಟ್ ಮತ್ತು ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಗಳ ಮೇಲೆ ದಾವೆ ಹೂಡಿತು. ಹೋಲಿಕೆಯೇ ಅಪರಾಧವಾದರೆ ಯೂನಿಕ್ಸನ್ನು ಹೋಲುವಂತೆ ಬರೆಯುತ್ತಿದ್ದ ಗ್ನು ಯೋಜನೆಯ ಬುಡಕ್ಕೇ ಕೊಡಲಿ ಬೀಳುತ್ತಿತ್ತು. ಪ್ರತಿಷ್ಠಾನವು ಆ್ಯಪಲ್ ಗಣಕಗಳಿಗೆ ಬೆಂಬಲ ಕೊಡುವುದಿಲ್ಲವೆಂದು ಸಾರಿ, ಆ ಬಹಿಷ್ಕಾರವನ್ನು 1995ರವರೆಗೆ ನಡೆಸಿತು. ಆಗಲೂ ಪರವಾನಗಿಯಲ್ಲಿ ನಿಷೇಧವನ್ನು ಬರೆಯಲಿಲ್ಲ. ತಾವು ಆ ಕೆಲಸವನ್ನು ಮಾಡುವುದಿಲ್ಲವೆಂದಷ್ಟೇ ಹೇಳಿದರು. ಆ್ಯಪಲ್ ದಾವೆಯಲ್ಲಿ ಸೋತಿತು, ಬಹಿಷ್ಕಾರವು ಮುಗಿಯಿತು.

ಎಲ್ಲ ಪ್ರಸಂಗಗಳಲ್ಲಿಯೂ ಯೋಜನೆಯು ಹೀಗೆ ನಿರಾಕ್ಷೇಪವಾಗಿ ನಡೆದುಕೊಂಡಿತೆಂದು ಹೇಳಿದರೆ ಅದು ಪಕ್ಷಪಾತವಾದೀತು. 2015ರ ಫೆಬ್ರವರಿಯಲ್ಲಿ ಎಲ್.ಎಲ್.ಡಿ.ಬಿ. ಎಂಬ ದೋಷಶೋಧಕವನ್ನು ಈಮ್ಯಾಕ್ಸಿನೊಳಗಿಂದ ಬಳಸುವ ತಿದ್ದುಪಡಿಯೊಂದು ಬಂದಾಗ ಸ್ಟಾಲ್ಮನ್ ಅದನ್ನು ಒಪ್ಪಲು ಹಿಂಜರಿದರು. ಆ ದೋಷಶೋಧಕವು ಸ್ವಾಮ್ಯದ್ದಲ್ಲ, ಸ್ವತಂತ್ರವೇ. ಆದರೆ ಅದರ ಪರವಾನಗಿಯು ಸಡಿಲವಾದದ್ದು, ಅದನ್ನು ತೆಗೆದುಕೊಂಡವನು ಸ್ವಾಮ್ಯದ ತಂತ್ರಾಂಶವನ್ನಾಗಿ ಮಾರ್ಪಡಿಸಲು ಎಡೆಕೊಡುವಂತಹುದು. ಅಲ್ಲದೆ ಗ್ನು ಯೋಜನೆಯ ಜಿ.ಡಿ.ಬಿ.ಗೆ ಅದು ಪ್ರತಿಸ್ಪರ್ಧಿ. ಸ್ವಾಮ್ಯದ ವಿಂಡೋಸಿಗೆ ಎಡೆಯಿರುವ ಮನೆಯಲ್ಲಿ ಸ್ವತಂತ್ರವಾದ ನೆರೆಯವನಿಗೆ ಬಾಗಿಲೇಕೆ ಅರ್ಧ ಮುಚ್ಚಬೇಕು ಎಂಬ ಪ್ರಶ್ನೆಗೆ ಇಲ್ಲಿ ತೃಪ್ತಿಕರವಾದ ಉತ್ತರವು ದೊರೆಯುವುದಿಲ್ಲ. ತತ್ತ್ವದ ರಕ್ಷಣೆಯೂ ತಮ್ಮ ಕೃತಿಯ ಮೇಲಿನ ಮಮತೆಯೂ ಇಲ್ಲಿ ಬೆರೆತುಹೋಗಿವೆ. ಅರ್ಧಜರತೀಯದ ಆಕ್ಷೇಪವು ನಿಜವಾಗಿ ನಾಟುವ ಸ್ಥಳವು ವಿಂಡೋಸಲ್ಲ, ಇದು. 2025ರಲ್ಲಿ ಹೊರಬಂದ ಈಮ್ಯಾಕ್ಸಿನ 30ನೆಯ ಆವೃತ್ತಿಯಲ್ಲಿ ಆ ದೋಷಶೋಧಕಕ್ಕೂ ಸ್ಥಾನವು ದೊರೆತಿದೆ.

ವಿಂಡೋಸಿನ ಬೆಂಬಲವನ್ನು ಸಮರ್ಥಿಸುವವರು ಸಾಮಾನ್ಯವಾಗಿ ಹೇಳುವುದು ಸ್ಥೂಲಾರುಂಧತೀ ನ್ಯಾಯ. ಅರುಂಧತಿಯು ಸಣ್ಣ ನಕ್ಷತ್ರ. ನೇರವಾಗಿ ತೋರಿಸಿದರೆ ಕಾಣಿಸದು. ಮೊದಲು ಹತ್ತಿರದ ದೊಡ್ಡ ನಕ್ಷತ್ರವನ್ನು ತೋರಿಸಿ ಅಲ್ಲಿಂದ ಕಣ್ಣನ್ನು ಒಯ್ಯಬೇಕು. ವಿಂಡೋಸಿನ ಮೇಲೆ ಫೈರ್‌ಫಾಕ್ಸನ್ನೂ ಲಿಬ್ರೆಆಫೀಸನ್ನೂ ಬಳಸಿ ಪಳಗಿದವನಿಗೆ ಗ್ನು/ಲಿನಕ್ಸಿಗೆ ಬಂದಾಗ ಅವೇ ಪರಿಕರಗಳು ಸಿಗುತ್ತವೆ, ಕೈ ತಡವರಿಸುವುದಿಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು ನಿಂತಿತು. ಮುಂದಿನ ಆವೃತ್ತಿಯು ಬೇಡುವ ಯಂತ್ರಲಕ್ಷಣಗಳು ಹಳೆಯ ಗಣಕಗಳಲ್ಲಿಲ್ಲ. ಯಂತ್ರವು ಗಟ್ಟಿಯಾಗಿದ್ದೂ ಒಡೆಯನ ಮಾತಿನಿಂದ ಮುಪ್ಪಾಗುವ ಇಂತಹ ಗಳಿಗೆಯಲ್ಲಿ, ದಾನವಾಗಿ ಬಂದ ಗಣಕಗಳನ್ನೇ ನಂಬಿರುವ ಶಾಲೆಗಳಿಗೆ ಈ ಪರಿಚಯವು ಎಷ್ಟು ಬೆಲೆಯುಳ್ಳದ್ದೆಂದು ಬೇರೆ ಹೇಳಬೇಕಾಗಿಲ್ಲ. ಸ್ವತಂತ್ರ ಪರಿಕರಗಳನ್ನು ಮೊದಲೇ ರೂಢಿಸಿಕೊಂಡ ಶಾಲೆಗೆ ತಳಹದಿಯನ್ನು ಬದಲಾಯಿಸುವುದು ಒಂದು ದಿನದ ಕೆಲಸ. ಉಳಿದವರಿಗೆ ಪಾಠಕ್ರಮವನ್ನೇ ಬದಲಾಯಿಸುವ ಕೆಲಸ.

ಆದರೆ ದೊಡ್ಡ ನಕ್ಷತ್ರವನ್ನೇ ಅರುಂಧತಿಯೆಂದು ನಂಬಿ ಮನೆಗೆ ಹೋಗುವವರೂ ಇದ್ದಾರೆಂಬುದನ್ನು ಮರೆಯಲಾಗದು. ಬೇಕಾದ ಸ್ವತಂತ್ರ ಪರಿಕರಗಳೆಲ್ಲ ವಿಂಡೋಸಿನಲ್ಲೇ ಸಿಗುವಾಗ ಅದನ್ನು ಬಿಡುವ ಪ್ರೇರಣೆಯೇ ಕುಗ್ಗುತ್ತದೆ. ಸುಂಕವನ್ನು ತಪ್ಪಿಸಲು ರಾತ್ರಿಯೆಲ್ಲ ಸುತ್ತು ದಾರಿಯಲ್ಲಿ ನಡೆದು ಬೆಳಗಾಗುವಾಗ ಸುಂಕದ ಕಟ್ಟೆಯ ಮುಂದೆಯೇ ಬಂದು ನಿಂತ ಪ್ರಯಾಣಿಕನ ಪಾಡು ಅದು. ಗ್ನು ಯೋಜನೆಯು ‘ಸ್ವಾಮ್ಯದ ವ್ಯವಸ್ಥೆಯಲ್ಲಿ ನಮ್ಮ ತಂತ್ರಾಂಶವು ಹೆಚ್ಚು ಚೆನ್ನಾಗಿ ಓಡಕೂಡದು’ ಎಂದು ಹಟ ಹಿಡಿಯುವುದು ಈ ಅಪಾಯವನ್ನು ಕಂಡೇ. ಸಮಾನವಾಗಿ ಓಡಿದರೆ ಅದು ದಾರಿ. ಅಲ್ಲಿಯೇ ಹೆಚ್ಚು ಚೆನ್ನಾಗಿ ಓಡಿದರೆ ಅದು ಆಮಿಷ.

ಕಟ್ಟಕಡೆಗೆ, ಸ್ವತಂತ್ರ ವ್ಯವಸ್ಥೆಯನ್ನು ಅಳವಡಿಸಿದ ಮೇಲೆಯೂ ಪ್ರಶ್ನೆಯು ಮುಗಿಯುವುದಿಲ್ಲ. ಒಂದು ಮೆಟ್ಟಲು ಕೆಳಗಿಳಿಯುತ್ತದೆ ಅಷ್ಟೆ. ವೈಫೈ ಮೊದಲಾದ ಯಂತ್ರಭಾಗಗಳಿಗೆ ತುಂಬಬೇಕಾದ ಫರ್ಮ್‌ವೇರ್ ಎಂಬ ಒಳತಂತ್ರಾಂಶವು ಬಹುಮಟ್ಟಿಗೆ ಸ್ವಾಮ್ಯದ್ದೇ. ಡೆಬಿಯನ್ ಸಮುದಾಯವು ತನ್ನ ವ್ಯವಸ್ಥೆಯು ಪೂರ್ಣವಾಗಿ ಸ್ವತಂತ್ರವಾಗಿರುವುದೆಂದು 1997ರ ತನ್ನ ಸಾಮಾಜಿಕ ಒಡಂಬಡಿಕೆಯಲ್ಲಿ ವಚನವಿತ್ತಿತ್ತು. ಆ ಒಳತಂತ್ರಾಂಶವಿಲ್ಲದೆ ಹೊಸ ಗಣಕಗಳಲ್ಲಿ ವ್ಯವಸ್ಥೆಯನ್ನು ಸ್ಥಾಪಿಸುವುದೇ ಕಷ್ಟವಾದಾಗ 2022ರಲ್ಲಿ ಸದಸ್ಯರ ಮತವನ್ನು ಪಡೆದು ಒಡಂಬಡಿಕೆಯ ವಾಕ್ಯವನ್ನೇ ತಿದ್ದಿ, ಸ್ಥಾಪನ ಮಾಧ್ಯಮದಲ್ಲಿ ಅದಕ್ಕೆ ಎಡೆಮಾಡಿಕೊಟ್ಟಿತು; 2023ರ ಜೂನ್ ತಿಂಗಳಲ್ಲಿ ಬಂದ 12ನೆಯ ಆವೃತ್ತಿಯಿಂದ ಅದು ಜಾರಿಯಲ್ಲಿದೆ. ನಿಯಮಕ್ಕೆ ವಿರುದ್ಧವಾಗಿ ಗುಟ್ಟಾಗಿ ನಡೆಯುವ ಬದಲು ನಿಯಮವನ್ನೇ ಬಹಿರಂಗವಾಗಿ ತಿದ್ದಿದ್ದು ಪ್ರಾಮಾಣಿಕವಾದ ನಡೆ. ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನವು ಮಾನ್ಯಮಾಡಿರುವ ವಿತರಣೆಗಳ ಪಟ್ಟಿಯಲ್ಲಿ ಮಾತ್ರ ಡೆಬಿಯನ್ ಹೆಸರಿಲ್ಲ.